ಆಕ್ಸಿಮೀಟರಿನ ಎರಡನೇ ಅಂಕಿ: ದೀರ್ಘ ಬಳಲಿಕೆಯ ಒಂದು ಪ್ರಕರಣ, ಉಸಿರಾಟದ ಅಭ್ಯಾಸದ ಲೆಕ್ಕಾಚಾರ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ. ಎಂಇ/ಸಿಎಫ್‌ಎಸ್ ಎಂಬ ದೀರ್ಘ ಬಳಲಿಕೆಯ ಕಾಯಿಲೆ ಇರುವವರಲ್ಲಿ ಪದೇ ಪದೇ ಕಾಣುವ ಲಕ್ಷಣ, ತಪಾಸಣೆ, ಎಡವಟ್ಟುಗಳನ್ನು ಒಬ್ಬ ಹೆಂಗಸಿನ ಸುತ್ತ ಜೋಡಿಸಿದ ಮಾದರಿ ಪ್ರಕರಣ. ಆಕೆಯ ಅಂಕಿಗಳೂ ಮಾದರಿಯವೇ. ಅವುಗಳ ಹಿಂದಿನ ದೇಹದ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ.

ವಯಸ್ಸು 38, ತೂಕ 52 ಕೆ.ಜಿ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. 2021ರ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಕೋವಿಡ್ ಬಂತು. ಆಸ್ಪತ್ರೆ ಸೇರುವಂಥದ್ದೇನೂ ಆಗಲಿಲ್ಲ, ಎಂಟು ದಿನಕ್ಕೆ ಜ್ವರ ಇಳಿಯಿತು. ಉಳಿದವರು ಎದ್ದು ಕೆಲಸಕ್ಕೆ ಹೋದರು. ಈಕೆ ಎದ್ದಳು, ಕೆಲಸಕ್ಕೂ ಹೋದಳು, ಮತ್ತೆ ಮಲಗಿದಳು. ಎರಡು ವರ್ಷ ಇದೇ ಆಯಿತು.

ಬಿದ್ದುಹೋಗುವುದಕ್ಕೆ ಒಂದು ಕ್ರಮವಿತ್ತು. ಆ ಕ್ರಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಮುಂಚಿನ ನಿದ್ದೆಯಿಂದ) ಎದ್ದ ಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನ ರೇಷ್ಮೆ ಮನೆಗೆ ಪರೀಕ್ಷೆಯ ಕಾಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ. ಕೊಯ್ಯುವುದು, ಹೊರುವುದು, ಹಾಸುವುದು, ನಡುರಾತ್ರಿ ಎದ್ದು ನೋಡುವುದು. ಆ ದಿನಗಳಲ್ಲಿ ಆಕೆ ಹೇಗೋ ನಿಭಾಯಿಸುತ್ತಿದ್ದಳು. ಹಣ್ಣಾದ ಹುಳ ಗೂಡು ಕಟ್ಟಲು ಚಂದ್ರಿಕೆ (ಬಿದಿರಿನ ತಟ್ಟೆ) ಹತ್ತಿದ ಮಾರನೆಯ ದಿನ ಅಥವಾ ಅದರ ಮರುದಿನ ಕಾಲೆಳೆದಂತಾಗಿ, ಗಂಟಲು ಕೆರೆದು, ಬೆಳಕು ಚುಚ್ಚಿ, ಮೂರ್ನಾಲ್ಕು ದಿನ ಹಾಸಿಗೆ. ನಿದ್ದೆ ಹತ್ತು ಗಂಟೆ, ಎದ್ದಾಗ ಮಲಗಿಯೇ ಇಲ್ಲವೇನೋ ಅನ್ನುವಂಥ ಸುಸ್ತು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಮರೆಯುವುದು, ಮಾತಿನ ನಡುವೆ ಪದ ತಪ್ಪುವುದು, ಸೊಪ್ಪು ಕತ್ತರಿಸುತ್ತ ನಿಂತರೆ ಕಣ್ಣು ಕತ್ತಲೆ. ಶ್ರಮ ಮುಗಿದು 12ರಿಂದ 48 ಗಂಟೆಗಳ ನಂತರ ಬರುವ ಈ ಕುಸಿತವೇ ಎಂಇ/ಸಿಎಫ್‌ಎಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನ ಮುಖ್ಯ ಗುರುತು. ಸಾಮಾನ್ಯ ದಣಿವು ದುಡಿದ ಹೊತ್ತಿನಲ್ಲೇ ಬರುತ್ತದೆ, ರಾತ್ರಿ ಮಲಗಿದರೆ ಹೋಗುತ್ತದೆ. ಇದು ತಡವಾಗಿ ಬಂದು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಆದರೆ ಆಕೆ ಬಂದದ್ದು ಈ ದೂರು ಹೊತ್ತಲ್ಲ. "ಆಕ್ಸಿಜನ್ ಕಡಿಮೆ ಇದೆ, ಏರಿಸೋಕೆ ಉಸಿರಾಟದ ವ್ಯಾಯಾಮ ಹೇಳಿಕೊಡಿ" ಎಂಬ ಕೋರಿಕೆ. ಜೊತೆಗೆ ಒಂದು ನೋಟ್‌ಬುಕ್. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ತೋರಿಸಿದ್ದನ್ನೆಲ್ಲ ದಿನಕ್ಕೆ ಆರೇಳು ಸಲ ಬರೆದಿಟ್ಟದ್ದು: 94, 93, 95, 91, ಒಮ್ಮೆ 89. 89ರ ಸುತ್ತ ಕೆಂಪು ಪೆನ್ನಿನ ವೃತ್ತ. ಆ ವೃತ್ತ ನೋಡಿಯೇ ಮನೆಯವರು ಒಂದು ತಿಂಗಳು ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ತಂದಿದ್ದರು. ಅದರಿಂದ ಅಂಕಿ 99ಕ್ಕೆ ಏರಿತು, ಸುಸ್ತು ಅಷ್ಟೇ ಇತ್ತು. ಆಮೇಲೆ ಮೊಬೈಲ್ ವಿಡಿಯೊ ನೋಡಿ ಬೆಳಿಗ್ಗೆ ಐದಕ್ಕೆ ಹದಿನೈದು ನಿಮಿಷ ಕಪಾಲಭಾತಿ, ಹತ್ತು ನಿಮಿಷ ಭಸ್ತ್ರಿಕ. ನಾಲ್ಕನೇ ದಿನ ಮಲಗಿದವಳು ಎದ್ದದ್ದು ಎರಡನೇ ವಾರಕ್ಕೆ.

ಕೆಂಪು ವೃತ್ತದ ಕಥೆ

89 ಬಂದ ಹೊತ್ತು ನೋಟ್‌ಬುಕ್ಕಿನಲ್ಲೇ ಇತ್ತು: ಡಿಸೆಂಬರ್, ಬೆಳಿಗ್ಗೆ ಆರೂಕಾಲು. ಹಾಲು ಕರೆದು, ಕ್ಯಾನು ತೊಳೆದು, ಒದ್ದೆ ಕೈ ಸೆರಗಿಗೆ ಒರೆಸಿ, ಬಲಗೈ ತೋರುಬೆರಳಿಗೆ ಸಾಧನ ಸಿಕ್ಕಿಸಿದ್ದು. ಆ ಬೆರಳಿನ ಉಗುರಿಗೆ ಮೆಹೆಂದಿ, ಕಪ್ಪಾಗುವಷ್ಟು ಗಾಢ. ಮೊದಲು ಮೂಡಿದ ಅಂಕಿಯನ್ನೇ ಬರೆದದ್ದು. ಇದರಲ್ಲಿ ಮೂರು ತಪ್ಪಿವೆ. ತಣ್ಣನೆಯ ಬೆರಳಿನಲ್ಲಿ ರಕ್ತನಾಳ ಮುದುಡಿ ನಾಡಿಯ ಸಂಕೇತ ಕ್ಷೀಣಿಸುತ್ತದೆ. ಗಾಢ ಬಣ್ಣ ಕೆಂಪು ಬೆಳಕನ್ನು ಹೀರುತ್ತದೆ. ಮೊದಲ ಐದಾರು ಸೆಕೆಂಡು ಸಾಧನ ಇನ್ನೂ ಲೆಕ್ಕ ಹಾಕುತ್ತಲೇ ಇರುತ್ತದೆ.

ಅದೇ ಸಾಧನದಲ್ಲಿ ಸರಿಯಾಗಿ ಅಳೆದದ್ದು ಹೀಗೆ: ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಕೂರಿಸುವುದು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡುವುದು. ಬಣ್ಣವಿಲ್ಲದ ನಡುಬೆರಳು, ಕೈ ಎದೆಯ ಮಟ್ಟದಲ್ಲಿ ತೊಡೆಯ ಮೇಲಿನ ದಿಂಬಿಗೆ ಆನಿಸಿ, ಮಾತಿಲ್ಲ. ಅಂಕಿ ಒಂದೇ ಕಡೆ ನಿಲ್ಲುವವರೆಗೆ, ಸುಮಾರು ಒಂದು ನಿಮಿಷ ಕಾಯುವುದು. ಪಿಐ ಎಂಬ ಮೂರನೇ ಸಂಖ್ಯೆ ಇರುವ ಸಾಧನವಾದರೆ ಅದನ್ನೂ ನೋಡುವುದು. ಅದು ಬೆರಳಿನಲ್ಲಿ ಎಷ್ಟು ರಕ್ತ ಮಿಡಿಯುತ್ತಿದೆ ಎಂಬುದರ ಅಳತೆ. ತಣ್ಣನೆ ಬೆರಳಿನಲ್ಲಿ ಪಿಐ 0.4, ಸ್ಯಾಚುರೇಶನ್ (ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟರಲ್ಲಿ ಆಮ್ಲಜನಕ ತುಂಬಿದೆ ಎಂಬ ಅಂಕಿ) 92. ಬೆಚ್ಚಗಾದ ಮೇಲೆ ಪಿಐ 3.2, ಸ್ಯಾಚುರೇಶನ್ 97. ಮೂರು ದಿನ, ಬೇರೆ ಬೇರೆ ಹೊತ್ತಿನಲ್ಲಿ ಅಳೆದರೂ 96-98ರ ಆಚೀಚೆ ಹೋಗಲಿಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಸೀಮೆಯಲ್ಲಿ ಇದು ಅಪ್ಪಟ ಸಾಮಾನ್ಯ ಅಂಕಿ.

ಆಕ್ಸಿಮೀಟರ್ ತಪ್ಪುವುದು ಒಂದೇ ದಿಕ್ಕಿಗಲ್ಲ. ಗಾಢ ಬಣ್ಣದ ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂಬುದು 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಎದ್ದು ಕಂಡಿತು. ಅದಕ್ಕಾಗಿ ಒಮ್ಮೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ನೋಡಲಾಯಿತು. ಆಮ್ಲಜನಕದ ಒತ್ತಡ 88 ಎಂಎಂ (ಪಾದರಸದ ಮಿ.ಮೀ.), ಸ್ಯಾಚುರೇಶನ್ 97. ಅಲ್ಲಿಗೆ ಕೆಂಪು ವೃತ್ತದ ಪ್ರಶ್ನೆ ಮುಗಿಯಿತು. ಆದರೆ ಅದೇ ಚೀಟಿಯಲ್ಲಿ ಇನ್ನೊಂದು ಅಂಕಿ ಇತ್ತು: ಇಂಗಾಲದ ಡೈಆಕ್ಸೈಡ್ 30. ಇರಬೇಕಾದ್ದು 35ರಿಂದ 45. ಸೂಜಿಯ ನೋವಿಗೇ ಜನ ಜೋರಾಗಿ ಉಸಿರಾಡಿ ಈ ಅಂಕಿ ಇಳಿಸಿಕೊಳ್ಳುವುದುಂಟು. ಇಲ್ಲಿ ಬೈಕಾರ್ಬನೇಟ್ ಕೂಡ 21ಕ್ಕೆ ಇಳಿದಿತ್ತು, ಅಂದರೆ ಮೂತ್ರಪಿಂಡಗಳು ಹೊಂದಿಕೊಳ್ಳಲು ಶುರುಮಾಡಿದ್ದವು. ಇದು ಆ ಹೊತ್ತಿನ ಗಾಬರಿಯದ್ದಲ್ಲ. ಮೂಗಿನ ಬಳಿ ಕೊಳವೆ ಇಟ್ಟು ಹೊರಬಿಡುವ ಗಾಳಿ ಅಳೆದಾಗಲೂ 29 ಬಂತು.

ನಾಡಿ ಹಿಡಿದಂತೆ ನಟಿಸುತ್ತ, ಆಕೆಗೆ ಹೇಳದೆ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಾಗ 22. (ಎಣಿಸುತ್ತೇವೆಂದು ಹೇಳಿದ ಕೂಡಲೇ ಯಾರ ಉಸಿರಾದರೂ ಬದಲಾಗುತ್ತದೆ; ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದೂ ಸಲ್ಲ.) ಕತ್ತಿನ ಸ್ನಾಯು ಎದ್ದು ಕಾಣುತ್ತಿತ್ತು, ಹೊಟ್ಟೆ ಅಲುಗುತ್ತಿರಲಿಲ್ಲ, ಒಂದೇ ನಿಮಿಷದಲ್ಲಿ ಮೂರು ನಿಟ್ಟುಸಿರು. ಅತಿ ಉಸಿರಾಟದ ಲಕ್ಷಣ ಕೇಳುವ ನೈಮೇಗನ್ ಪ್ರಶ್ನಾವಳಿಯಲ್ಲಿ 64ಕ್ಕೆ 34. 23 ದಾಟಿದರೆ ಅನುಮಾನ ಪಡಬೇಕು. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಂ ಎನ್ನುವುದು ಇದೇ ಲೆಕ್ಕಕ್ಕೆ ಸೇರಿದ್ದು.

ಆಕೆಗೆ ಗಾಳಿ ಸಾಲುತ್ತಿರಲಿಲ್ಲ ಎನ್ನುವುದು ಸುಳ್ಳು, ಸಾಲದು ಅನ್ನಿಸುತ್ತಿದ್ದುದು ನಿಜ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಮಿದುಳಿನ ರಕ್ತನಾಳ ಕಿರಿದಾಗುತ್ತವೆ. ಒಂದೊಂದು ಎಂಎಂ ಇಳಿತಕ್ಕೆ ಮಿದುಳಿನ ರಕ್ತದ ಹರಿವು ಶೇ 2-3ರಷ್ಟು ಕುಗ್ಗುತ್ತದೆ. 40ರ ಜಾಗದಲ್ಲಿ 30 ಅಂದರೆ ಹೆಚ್ಚುಕಡಿಮೆ ಕಾಲು ಭಾಗ. ಸಾಲದ್ದಕ್ಕೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಕ್ಕೆ ಬಿಡಲು ಜುಗ್ಗತನ ತೋರುತ್ತದೆ. ಭಸ್ತ್ರಿಕ ಮಾಡಿದ ಮೇಲೆ ಆಕ್ಸಿಮೀಟರ್ 99 ತೋರಿಸಿ ತಲೆ ಗಿರ್ರೆನ್ನುತ್ತಿದ್ದುದು ಇದಕ್ಕೇ: ಅಂಕಿ ಏರಿದೆ, ಮಿದುಳಿಗೆ ಬರುವ ಪಾಲು ಇಳಿದಿದೆ.

ಒಂದು ಸಣ್ಣ ಗುಣಾಕಾರ

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ) 8, ಎರಡೂ ಕಡಿಮೆ. ಮುಟ್ಟಿನ ಸ್ರಾವ ವರ್ಷಗಳಿಂದ ವಿಪರೀತ. ಆಕೆ ಅದನ್ನು ಹೇಳುವ ವಿಷಯವೆಂದೇ ಭಾವಿಸಿರಲಿಲ್ಲ, ಕೇಳಿದವರೂ ಇಲ್ಲ. ಆಕ್ಸಿಮೀಟರ್‌ಗೆ ರಕ್ತಹೀನತೆ ಕಾಣುವುದಿಲ್ಲ. ಅದು ಹೇಳುವುದು ಬಂದ ಬಸ್ಸುಗಳಲ್ಲಿ ಎಷ್ಟು ಸೀಟು ತುಂಬಿದೆ ಎಂದು. ಬಸ್ಸೇ ಎಷ್ಟು ಬಂದವು ಎಂದಲ್ಲ.

ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 9.4 × 1.34 × 0.97 = 12.2. ಅಂದರೆ ಆಕೆಯ ಪ್ರತಿ 100 ಮಿ.ಲೀ. ರಕ್ತದಲ್ಲಿ 12.2 ಮಿ.ಲೀ. ಆಮ್ಲಜನಕ. ಯಾವುದೋ ಪ್ರಾಣಾಯಾಮದಿಂದ ಸ್ಯಾಚುರೇಶನ್ 97ರಿಂದ 99ಕ್ಕೆ ಏರಿತೆಂದೇ ಇಟ್ಟುಕೊಳ್ಳಿ: 12.5. ಲಾಭ 0.3 ಮಿ.ಲೀ.ಗೂ ಕಡಿಮೆ. ಸ್ಯಾಚುರೇಶನ್ ಅಲ್ಲೇ ಇದ್ದು ಹಿಮೋಗ್ಲೋಬಿನ್ 12.2ಕ್ಕೆ ಬಂದರೆ 15.9. ಲಾಭ 3.6 ಮಿ.ಲೀ., ಹತ್ತು ಪಟ್ಟಿಗೂ ಹೆಚ್ಚು. ಬಾಡಿಗೆ ಕಾನ್ಸಂಟ್ರೇಟರ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಇದೇ ಉತ್ತರ.

ಹಾಗಾಗಿ ಉಸಿರಾಟದ ಅಭ್ಯಾಸಕ್ಕಿಂತ ಮೊದಲು ಹತ್ತು ವಾರ ಕಬ್ಬಿಣಕ್ಕೆ ಮೀಸಲಾಯಿತು. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆ ಮನೆಯಲ್ಲಿತ್ತು, ಆದರೆ ವಾರಕ್ಕೊಂದು ಎಂಬ ಲೆಕ್ಕ ರಕ್ತಹೀನತೆ ಬಾರದಂತೆ ತಡೆಯಲು. ಬಂದದ್ದನ್ನು ಗುಣಪಡಿಸಲು ಅದು ಸಾಲದು. ಮೇಲಾಗಿ ಅದನ್ನು ಮುದ್ದೆ ಊಟದ ಜೊತೆ ನುಂಗಿ ಮೇಲೆ ಕಾಫಿ. ರಾಗಿಯ ಸುಣ್ಣ, ಕಾಫಿಯ ಟ್ಯಾನಿನ್ ಎರಡೂ ಕಬ್ಬಿಣಕ್ಕೆ ಅಡ್ಡಗಾಲು. ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ನಿಂಬೆ ನೀರಿನ ಜೊತೆ ಎಂದು ಬದಲಿಸಿದರೂ ಹೊಟ್ಟೆ ಹಿಂಡಿತು. ಕೊನೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಡ್ರಿಪ್, 1000 ಮಿ.ಗ್ರಾಂ., ಒಂದು ವಾರದ ನಂತರ 500. ಈ ಔಷಧಿ ಕೆಲವರಲ್ಲಿ ರಕ್ತದ ಫಾಸ್ಫೇಟನ್ನು ಇಳಿಸಿ ತಾನೇ ಸುಸ್ತು ತರುತ್ತದೆ. ಬಳಲಿಕೆಯ ರೋಗಿಯಲ್ಲಿ ಅದನ್ನು ನೋಡದೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ, ಆದ್ದರಿಂದ ಎರಡು ವಾರಕ್ಕೆ ಫಾಸ್ಫೇಟ್ ನೋಡಲಾಯಿತು, ಸರಿ ಇತ್ತು. ಮುಟ್ಟಿನ ಸ್ರಾವಕ್ಕೆ ಸ್ತ್ರೀರೋಗ ತಜ್ಞರ ಚಿಕಿತ್ಸೆ ಬೇರೆ ನಡೆಯಿತು.

ಅದೇ ಹತ್ತು ವಾರಗಳಲ್ಲಿ ಉಳಿದ ಅನುಮಾನಗಳನ್ನೂ ತಳ್ಳಿಹಾಕಬೇಕಿತ್ತು. ಥೈರಾಯ್ಡ್, ಸಕ್ಕರೆ, ಬಿ12, ಮೂತ್ರಪಿಂಡ, ಯಕೃತ್ತು, ಇಸಿಜಿ, ಎಕೋ, ಎದೆಯ ಎಕ್ಸ್‌ರೇ ಎಲ್ಲ ಸರಿ. ಗೊರಕೆಯಿಲ್ಲದಿದ್ದರೂ ಒಂದು ರಾತ್ರಿ ಪೂರ್ತಿ ಸ್ಯಾಚುರೇಶನ್ ದಾಖಲಿಸಿ ನಿದ್ದೆಯಲ್ಲಿ ಉಸಿರು ನಿಲ್ಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಲಾಯಿತು. ಈ ಸೀಮೆಗೇ ವಿಶೇಷವಾದ ಎರಡು ಪ್ರಶ್ನೆ ಕೇಳದೆ ಬಿಡಬಾರದು. ಒಂದು, ರೇಷ್ಮೆ. ಹುಳ ಸಾಕುವವರಲ್ಲಿ, ಅದಕ್ಕಿಂತ ಹೆಚ್ಚಾಗಿ ಗೂಡು ಬೇಯಿಸಿ ನೂಲು ತೆಗೆಯುವವರಲ್ಲಿ ರೇಷ್ಮೆಯ ಪ್ರೋಟೀನಿಗೆ ಅಸ್ತಮಾ ಬರುವುದುಂಟು. ಹುಳ ಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಬೇರೆ. ಹುಳ ಇರುವ ಎರಡು ವಾರ, ಇಲ್ಲದ ಎರಡು ವಾರ ಬೆಳಿಗ್ಗೆ-ಸಂಜೆ ಪೀಕ್ ಫ್ಲೋ ಮೀಟರ್ (ಊದುವ ರಭಸ ಅಳೆಯುವ ಕೊಳವೆ) ಊದಿಸಿ ಬರೆಸಿದಾಗ ಏರಿಳಿತ ಶೇ 10 ದಾಟಲಿಲ್ಲ. ಎರಡು, ಕೊಳವೆಬಾವಿಯ ಫ್ಲೋರೈಡ್. ಮೂಳೆಗೆ ಹತ್ತಿದ ಫ್ಲೋರೋಸಿಸ್ ಪಕ್ಕೆಲುಬುಗಳನ್ನು ಬಿಗಿ ಮಾಡಿ ಎದೆಗೂಡು ಹಿಗ್ಗದಂತೆ ಮಾಡುತ್ತದೆ. ಅಂಥವರಿಗೆ ಎದೆ ಹಿಗ್ಗಿಸುವ ವ್ಯಾಯಾಮ ಹೇಳುವುದು ಮುಚ್ಚಿದ ಬಾಗಿಲು ತಳ್ಳಿದಂತೆ. ಟೇಪು ಸುತ್ತಿ ಅಳೆದಾಗ ಪೂರ್ತಿ ಉಸಿರಿಗೆ ಎದೆ 5 ಸೆಂ.ಮೀ. ಹಿಗ್ಗಿತು, ಬೆನ್ನು ಬಾಗುತ್ತಿತ್ತು. ತೊಂದರೆಯಿಲ್ಲ.

ನಡೆದಾಗ ಸ್ಯಾಚುರೇಶನ್ ಬೀಳುತ್ತದೆಯೇ ಎಂದು ನೋಡಲು ಆರು ನಿಮಿಷ ನಡೆಸುವ ಪರೀಕ್ಷೆ ರೂಢಿಯಲ್ಲಿದೆ. ಈ ಕಾಯಿಲೆಯಲ್ಲಿ ಪರೀಕ್ಷೆಯೇ ಕುಸಿತ ತರಬಹುದಾದ್ದರಿಂದ ಸಮತಟ್ಟಾದ ಜಗಲಿಯಲ್ಲಿ 40 ಹೆಜ್ಜೆ ಮಾತ್ರ. 97 ಇದ್ದದ್ದು 96. ಮೂರು ಅಂಕಿ ಅಥವಾ ಹೆಚ್ಚು ಬಿದ್ದಿದ್ದರೆ ಈ ಬರಹ ಇಲ್ಲಿಂದ ಬೇರೆ ದಾರಿ ಹಿಡಿಯುತ್ತಿತ್ತು, ಶ್ವಾಸಕೋಶದ ಕಡೆಗೆ.

ಹತ್ತು ವಾರಕ್ಕೆ ಹಿಮೋಗ್ಲೋಬಿನ್ 12.2. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು, ಮುಖಕ್ಕೆ ಬಣ್ಣ ಬಂತು. ಕುಸಿತ ಮಾತ್ರ ಹೋಗಲಿಲ್ಲ. ನಿಂತಾಗಿನ ತಲೆಸುತ್ತು ಅರ್ಧ ಹೋಯಿತು, ಅರ್ಧ ಉಳಿಯಿತು. ಗೋಡೆಗೆ ಭುಜ ಆನಿಸಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಹತ್ತು ನಿಮಿಷ ಅಲುಗದೆ ನಿಲ್ಲಿಸುವ ಪರೀಕ್ಷೆಯಲ್ಲಿ ಮೊದಲು ನಾಡಿ 76ರಿಂದ 108ಕ್ಕೆ ಏರಿತ್ತು. ಏರಿಕೆ 30 ದಾಟಿದರೆ ಪಾಟ್ಸ್ (ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಎನ್ನುವ ಹಣೆಪಟ್ಟಿ ಹಚ್ಚುತ್ತಾರೆ. ರಕ್ತಹೀನತೆ ಇರುವಾಗ ಆ ಪಟ್ಟಿಗೆ ಅರ್ಥವಿಲ್ಲ. ಈಗ ಅದೇ ಪರೀಕ್ಷೆಯಲ್ಲಿ 74ರಿಂದ 97, ಏರಿಕೆ 23. ರಕ್ತದೊತ್ತಡ ಇಳಿಯಲಿಲ್ಲ. ಆದರೂ ಏಳನೇ ನಿಮಿಷಕ್ಕೆ ಮಂಕು ಕವಿಯಿತು. ನಾಡಿ, ಒತ್ತಡ ಎರಡೂ ಸರಿಯಿದ್ದೂ ಮಿದುಳಿಗೆ ರಕ್ತ ಕಡಿಮೆಯಾಗಬಹುದು. ನೆದರ್ಲೆಂಡ್ಸ್‌ನಲ್ಲಿ 429 ರೋಗಿಗಳನ್ನು ಓರೆ ಹಲಗೆಯ ಮೇಲೆ ನಿಲ್ಲಿಸಿ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿದುಳಿನ ರಕ್ತದ ಹರಿವು ಸರಾಸರಿ ಶೇ 26ರಷ್ಟು ಇಳಿದಿತ್ತು. ಆರೋಗ್ಯವಂತರಲ್ಲಿ ಇಳಿತ ಶೇ 7. ಆರು ತಿಂಗಳಿಗೂ ಮೀರಿದ ಅಸಾಮರ್ಥ್ಯ, ಶ್ರಮದ ನಂತರದ ಕುಸಿತ, ಚೈತನ್ಯ ಕೊಡದ ನಿದ್ದೆ, ಜೊತೆಗೆ ಮಂಕು ಅಥವಾ ನಿಲ್ಲಲಾಗದಿರುವುದು: ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಈ ಮಾನದಂಡಗಳೆಲ್ಲ ಹೊಂದಿದವು. ಎಂಇ/ಸಿಎಫ್‌ಎಸ್ ಎಂದು ಬರೆದದ್ದು ಆಗ, ಅದಕ್ಕೆ ಮೊದಲಲ್ಲ.

ಅಭ್ಯಾಸ

ಗುರಿ ಆಮ್ಲಜನಕ ಏರಿಸುವುದಲ್ಲ, ಅನಗತ್ಯ ಉಸಿರನ್ನು ಇಳಿಸುವುದು. ಇದನ್ನು ಆಕೆಗೆ ಒಪ್ಪಿಸುವುದೇ ಕಷ್ಟವಾಯಿತು. "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಎಂಬ ಮಾತು ನಮ್ಮಲ್ಲಿ ಎಲ್ಲ ರೋಗಕ್ಕೂ ಹೇಳುವ ಮಂತ್ರವಾಗಿದೆ. ಈಗಾಗಲೇ ಅತಿಯಾಗಿ ಉಸಿರಾಡುವವರಿಗೆ ಅದು ಗಾಯದ ಮೇಲೆ ಬರೆ.

ಮೊದಲ ಎರಡು ವಾರ ಎಣಿಕೆಯೇ ಇಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ತಲೆಗೆ ಒಂದು ದಿಂಬು, ಮೊಣಕಾಲಿನ ಕೆಳಗೆ ಸುತ್ತಿದ ಕಂಬಳಿ. ಹೊಟ್ಟೆಯ ಸ್ನಾಯು ಸಡಿಲವಾಗಲು ಆ ಕಂಬಳಿ ಮುಖ್ಯ. ಒಂದು ಕೈ ಹೊಕ್ಕುಳ ಮೇಲೆ, ಒಂದು ಎದೆಯ ಮೇಲೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರು. ಕೆಳಗಿನ ಕೈ ಒಂದು ಬೆರಳಿನ ದಪ್ಪದಷ್ಟು ಎದ್ದರೆ ಸಾಕು, ಹೊಟ್ಟೆಯನ್ನು ತಳ್ಳಿ ಉಬ್ಬಿಸಬಾರದು. ಪಕ್ಕದಲ್ಲಿ ಕೂತವರಿಗೆ ಉಸಿರಿನ ಸದ್ದು ಕೇಳಿಸಬಾರದು. ಮೂರು ನಿಮಿಷ, ದಿನಕ್ಕೆ ಎರಡು ಸಲ, ಅಷ್ಟೇ. ನಿಟ್ಟುಸಿರು ಬರುವಂತಾದರೆ ತುಟಿ ಮುಚ್ಚಿ ಎಂಜಲು ನುಂಗುವುದು. ಹತ್ತರಲ್ಲಿ ಆರು ಸಲ ಅದು ಅಲ್ಲೇ ಕರಗುತ್ತಿತ್ತು.

ಮೂರನೇ ವಾರದಿಂದ ಮನಸ್ಸಿನಲ್ಲೇ ಎಣಿಕೆ: ಎರಡು ಎಣಿಸುವಷ್ಟು ಒಳಗೆ, ಮೂರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ 12 ಉಸಿರು. ಆರನೇ ವಾರದಿಂದ ಮೂರು-ನಾಲ್ಕು, ನಿಮಿಷಕ್ಕೆ ಎಂಟೂವರೆ. ನಾಲ್ಕು-ಆರು, ಅಂದರೆ ನಿಮಿಷಕ್ಕೆ 6 ಎಂಬುದು ಪುಸ್ತಕಗಳಲ್ಲಿ ಬರುವ ಆದರ್ಶ. 22ರಿಂದ ಒಂದೇ ಸಲ ಅಲ್ಲಿಗೆ ಹಾರಿದರೆ ಪ್ರತಿ ಉಸಿರೂ ದೊಡ್ಡದಾಗಿ ಒಟ್ಟು ಗಾಳಿ ಮೊದಲಿಗಿಂತ ಹೆಚ್ಚೇ ಆಗುತ್ತದೆ, ಬೆರಳಲ್ಲಿ ಜುಂ ಶುರು. ಆಕೆ ಅಲ್ಲಿಗೆ ಹೋಗಲೇ ಇಲ್ಲ, ಹೋಗಬೇಕಾದ ಅಗತ್ಯವೂ ಕಾಣಲಿಲ್ಲ. ಗಾಳಿ ಸಾಲದು ಅನ್ನಿಸುವುದು ಹತ್ತಕ್ಕೆ ಎರಡು ಮೂರು ಇರಬಹುದು, ನಾಲ್ಕಾದರೆ ಎಣಿಕೆ ಬಿಟ್ಟು ಮಾಮೂಲಿ ಉಸಿರು. ಕುಂಭಕ (ಉಸಿರು ಹಿಡಿದಿಡುವುದು) ಬೇಡ. ತುಟಿ ಕಿರಿದು ಮಾಡಿ ಊದುವುದು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಕುಸಿಯುವ ಶ್ವಾಸನಾಳಗಳನ್ನು ತೆರೆದಿಡಲು. ಶ್ವಾಸನಾಳ ಸರಿಯಿರುವ ಈಕೆಗೆ ಬೇಕಿಲ್ಲ.

ಭ್ರಾಮರಿಯನ್ನು ಎಂಟನೇ ವಾರ ಸೇರಿಸಲಾಯಿತು, ಬೆನ್ನಿಗೆ ದಿಂಬು ಕೊಟ್ಟು ಕೂತು, ಕಿವಿ ಮುಚ್ಚದೆ, ಮಗು ತೂಗುವಾಗ ಗುನುಗುವಷ್ಟು ಸಣ್ಣ ದನಿಯಲ್ಲಿ ಐದು ಸುತ್ತು. ಗುನುಗುವಾಗ ಮೂಗಿನ ಸೈನಸ್‌ಗಳಿಂದ ನೈಟ್ರಿಕ್ ಆಕ್ಸೈಡ್ ಬರುವುದು ಹದಿನೈದು ಪಟ್ಟು ಹೆಚ್ಚುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದರು. ಇದನ್ನೇ ಹಿಡಿದು ಭ್ರಾಮರಿ ಆಕ್ಸಿಜನ್ ಏರಿಸುತ್ತದೆ ಎನ್ನುವವರಿದ್ದಾರೆ. ಏರಲು ಜಾಗವಿದ್ದರೆ ತಾನೇ? ಇಲ್ಲಿ ಅದರ ಉಪಯೋಗ ಬೇರೆ: ಗುನುಗುತ್ತಿರುವಾಗ ಉಸಿರು ಹೊರಹೋಗುವ ಕಾಲ ತಾನಾಗಿ ಉದ್ದವಾಗುತ್ತದೆ, ಎಣಿಸುವ ಮಂಕು ತಲೆಗೆ ಬಿಡುವು ಸಿಗುತ್ತದೆ.

ಕಪಾಲಭಾತಿ ಏಕೆ ಮಲಗಿಸಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮನೆಯವರಿಗೆ ಅದರ ಮೇಲೆ ನಂಬಿಕೆ ಹೋಗಿರಲಿಲ್ಲ. ನಿಮಿಷಕ್ಕೆ ಅರವತ್ತು ಎಂದರೂ ಹದಿನೈದು ನಿಮಿಷಕ್ಕೆ ಒಂಬೈನೂರು ಸಲ ಹೊಟ್ಟೆಯ ಸ್ನಾಯು ಹಿಂಡಿದಂತೆ. ಅದು ಉಸಿರಾಟವಲ್ಲ, ಕಸರತ್ತು. ಆರೋಗ್ಯವಂತರಿಗೆ ಒಳ್ಳೆಯದೇ ಇರಬಹುದು. ಈ ಕಾಯಿಲೆಯಲ್ಲಿ ಬೆಳಗಿನ ಐದು ಗಂಟೆಗೇ ಆ ದಿನದ ಶಕ್ತಿಯ ಗಂಟು ಕರಗಿರುತ್ತದೆ. ಶ್ರಮವನ್ನು ವಾರವಾರ ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಈ ಕಾಯಿಲೆಗೆ ಕೊಡಬಾರದೆಂದು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೇಳಿದ್ದು ಉಸಿರಿನ ವ್ಯಾಯಾಮಕ್ಕೂ ಅನ್ವಯಿಸಿಕೊಳ್ಳಬೇಕಾದ ಮಾತು.

ನೋಟ್‌ಬುಕ್ ಮುಂದುವರಿಯಿತು, ಆದರೆ ಬೇರೆ ಅಂಕಿಯೊಂದಿಗೆ. ಆಕ್ಸಿಮೀಟರ್ ತೋರಿಸುವ ಎರಡನೇ ಸಂಖ್ಯೆ ನಾಡಿ. ಎರಡು ವರ್ಷ ಆಕೆ ಅದನ್ನು ನೋಡಿಯೇ ಇರಲಿಲ್ಲ. ವಿಶ್ರಾಂತಿಯ ನಾಡಿ 74. ಅದಕ್ಕೆ 15 ಸೇರಿಸಿದರೆ 89, ದುಂಡಾಗಿ 90 ಎಂದು ಗೆರೆ ಎಳೆಯಲಾಯಿತು. ಇದು ರೂಢಿಯ ಅಂದಾಜು, ಕಲ್ಲಿನ ಮೇಲಿನ ಬರಹವಲ್ಲ. ಕೆಲಸದ ನಡುವೆ ಬೆರಳಿಗೆ ಸಿಕ್ಕಿಸಿ 90 ದಾಟಿದ್ದರೆ ಕೂರುವುದು, 80ಕ್ಕೆ ಇಳಿದ ಮೇಲೆ ಏಳುವುದು. ಮೊದಲ ವಾರವೇ ಹೊರಬಿದ್ದ ಗುಟ್ಟು: ಸೊಪ್ಪಿನ ಹೊರೆ ಹೊತ್ತು ನಡೆಯುವಾಗ 104, ನಿಂತು ಪಾತ್ರೆ ತೊಳೆಯುವಾಗ 101. ಹೊರೆ ದಿನಕ್ಕೆ ಎರಡು ಸಲ, ಪಾತ್ರೆ ಮೂರು ಸಲ ಅರ್ಧರ್ಧ ಗಂಟೆ. ಸುಸ್ತಿನ ಕಳ್ಳ ತೋಟದಲ್ಲಿರಲಿಲ್ಲ, ಬಚ್ಚಲಲ್ಲಿದ್ದ. ಮಣೆ ಹಾಕಿ ಕೂತು ತೊಳೆದರೆ 86.

ಸೊಪ್ಪು ಹಾಸಲು ಕೆಳಗಿನ ತಟ್ಟೆಗೆ ಬಗ್ಗುವಾಗ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. ಎದ್ದ ಕೂಡಲೇ ಕತ್ತಲೆ. ಬಗ್ಗುವಾಗ, ಎತ್ತುವಾಗ ಉಸಿರು ಹೊರಬಿಡುವುದನ್ನು ರೂಢಿಸಿದ್ದು ಚಾಪೆಯ ಮೇಲಿನ ಅಭ್ಯಾಸಕ್ಕಿಂತ ಹೆಚ್ಚು ಫಲ ಕೊಟ್ಟಿತೆಂದು ನಮ್ಮ ಅನಿಸಿಕೆ. ನಿಲ್ಲಲಾಗದ ತೊಂದರೆಗೆ ವೈದ್ಯರ ಸಲಹೆಯಂತೆ ದಿನಕ್ಕೆ ಎರಡೂವರೆ ಲೀಟರ್ ನೀರು (ಶುದ್ಧ ನೀರಿನ ಘಟಕದ್ದು, ಕೊಳವೆಬಾವಿಯದ್ದಲ್ಲ), ಮಜ್ಜಿಗೆಗೆ ಉಪ್ಪು ಸ್ವಲ್ಪ ಮುಂದಾಗಿ, ಹೊಟ್ಟೆಯವರೆಗಿನ ಬಿಗಿ ಕಾಲುಚೀಲ. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಈ ಉಪ್ಪಿನ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು.

ಕೆಟ್ಟದ್ದು ಎರಡು ಸಲ. ನಾಲ್ಕನೇ ವಾರ ಯಾರೋ ಹೇಳಿದರೆಂದು ಹೊಟ್ಟೆಯ ಮೇಲೆ ಎರಡು ಕೆ.ಜಿ. ಅಕ್ಕಿ ಚೀಲ ಇಟ್ಟು ಹತ್ತು ನಿಮಿಷ ಮಾಡಿದಳು. ಉಸಿರಾಟದ ಸ್ನಾಯುವಿಗೆ ಭಾರ ಕೊಡುವುದೂ ಶ್ರಮವೇ. ಎರಡನೇ ದಿನ ಬಿದ್ದಳು. ಹತ್ತನೇ ವಾರ ಹುಳ ಕೊನೆಯ ಹಂತದಲ್ಲಿದ್ದಾಗ ಕೂಲಿಯವರು ಕೈಕೊಟ್ಟರು, ಎರಡು ರಾತ್ರಿ ನಿದ್ದೆಗೆಟ್ಟಳು. ಆ ಕುಸಿತ ಆರು ದಿನ. ಆ ದಿನಗಳಲ್ಲಿ ಎಣಿಕೆಯ ಅಭ್ಯಾಸ ಪೂರ್ತಿ ಬಂದ್. ಮಗ್ಗುಲಾಗಿ ಮಲಗಿ ಮೂಗಿನಿಂದ ಉಸಿರಾಡುವುದು ಮಾತ್ರ. ಮತ್ತೆ ಶುರುಮಾಡಿದ್ದು ಬಿಟ್ಟಲ್ಲಿಂದಲ್ಲ, ಎರಡು-ಮೂರರ ಎಣಿಕೆಯಿಂದ.

ಯಾವ ಹೊತ್ತಿನಲ್ಲಿ ಇದೆಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕು ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅಂಟಿಸಲಾಗಿತ್ತು. ಸರಿಯಾಗಿ ಅಳೆದರೂ ಸ್ಯಾಚುರೇಶನ್ 94 ಅಥವಾ ಕಡಿಮೆ ಉಳಿದರೆ ಅದೇ ದಿನ ವೈದ್ಯರು, 92 ಅಥವಾ ಅದಕ್ಕೂ ಕೆಳಗೆ ಇಳಿದರೆ ತುರ್ತು ವಿಭಾಗ. ಎದೆನೋವು, ಒಂದೇ ಕಾಲಿನ ಊತ, ಕಫದಲ್ಲಿ ರಕ್ತ, ತಲೆ ತಿರುಗಿ ಬೀಳುವುದು ಕಂಡರೂ ಕಾಯಬಾರದು. ಕೆಮ್ಮು ಎರಡು ವಾರ ದಾಟಿದರೆ ಅಥವಾ ಸಂಜೆ ಜ್ವರ, ತೂಕ ಇಳಿತ ಇದ್ದರೆ ಕಫ ಪರೀಕ್ಷೆ, ಬಳಲಿಕೆಯ ಕಾಯಿಲೆ ಹೇಗೂ ಇದೆಯಲ್ಲ ಎಂದು ಸುಮ್ಮನಾಗದೆ.

ಹದಿನಾರನೇ ವಾರದ ಅಂಕಿಗಳು: ಉಸಿರು ನಿಮಿಷಕ್ಕೆ 22ರಿಂದ 14. ಹೊರಬಿಡುವ ಗಾಳಿಯ ಇಂಗಾಲದ ಡೈಆಕ್ಸೈಡ್ 29ರಿಂದ 34. ನೈಮೇಗನ್ 34ರಿಂದ 19. ತಿಂಗಳಲ್ಲಿ ಹಾಸಿಗೆ ಹಿಡಿದ ದಿನ 11ರಿಂದ 4. ಸ್ಯಾಚುರೇಶನ್ 97ರಿಂದ 97.

ಈ ಇಳಿಕೆಯಲ್ಲಿ ಉಸಿರಿನ ಪಾಲೆಷ್ಟು, ಕಬ್ಬಿಣದ್ದೆಷ್ಟು, ಬಚ್ಚಲ ಮಣೆಯದೆಷ್ಟು ಎಂದು ಒಬ್ಬರ ಪ್ರಕರಣದಿಂದ ಬಿಡಿಸಲು ಬರುವುದಿಲ್ಲ. ಬೆರಳ ಜುಂ, ನಿಟ್ಟುಸಿರು, ನಿಂತಾಗಿನ ಗಾಬರಿ ಹೋದದ್ದಕ್ಕೆ ಉಸಿರಾಟದ ಅಭ್ಯಾಸ ಕಾರಣವೆನ್ನಬಹುದು. ಕುಸಿತ ಕಡಿಮೆಯಾದದ್ದು ಮುಖ್ಯವಾಗಿ ನಾಡಿಯ ಗೆರೆಯಿಂದ. ಕಾಯಿಲೆ ಹೋಗಿಲ್ಲ. ಬೇಸಿಗೆಯ ಬೆಳೆಗೆ ಮನೆಯವರು 200 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಒಂದು ಮೊಟ್ಟೆಯೆಂಬ ಲೆಕ್ಕ) ಬದಲು 120 ತಂದರು, ಸೊಪ್ಪು ಹೊರಲು ಒಬ್ಬ ಆಳನ್ನು ಮೊದಲೇ ಗೊತ್ತು ಮಾಡಿದರು. ಆಕೆ ಕೊನೆಯ ಹಂತದ ಎಂಟು ದಿನ ಹುಳ ಮನೆಗೆ ಕಾಲಿಡಲಿಲ್ಲ. ಗೂಡು ಬಿಡಿಸುವ ದಿನ ಗೋಡೆಗೆ ಒರಗಿ ಕೂತು, ಬೆರಳಲ್ಲಿ ಸಾಧನ ಸಿಕ್ಕಿಸಿಕೊಂಡೇ, ಇಪ್ಪತ್ತು ನಿಮಿಷ ಜೊಳ್ಳು ಗೂಡು ಆರಿಸಿದಳು. ನಾಡಿ 88 ಬಂದಾಗ ಮೊರ ಪಕ್ಕಕ್ಕಿಟ್ಟಳು.